ಹೆಜ್ಜೆಯ ವಯಸ್ಸು

2018ರ ಜನವರಿಯ ಹುಲಿ ಗಣತಿಗೆ ಸ್ವಯಂಸೇವಕನಾಗಿ ನಾಗರಹೊಳೆಗೆ ಹೋದಾಗ ಹೆಜ್ಜೆ ಗುರುತು ಓದಲು ನನಗೆ ಬರುತ್ತದೆ ಎಂದೇ ನಂಬಿದ್ದೆ. ನಾಲ್ಕು ಬೆರಳು, ಹಿಂಬದಿಯಲ್ಲಿ ಮೂರು ಉಬ್ಬಿನ ಅಂಗಾಲು, ಉಗುರಿನ ಗುರುತಿಲ್ಲ ಎಂದರೆ ಹುಲಿ ಅಥವಾ ಚಿರತೆ. ಉಗುರು ಮೂಡಿದ್ದರೆ ಸೀಳುನಾಯಿ. ಇಷ್ಟು ತರಬೇತಿಯಲ್ಲೇ ಸಿಕ್ಕಿತ್ತು. ಪ್ರಾಣಿ ಯಾವಾಗ ಹಾದುಹೋಯಿತು ಎಂದು ತಿಳಿಯುವುದನ್ನು ಕಲಿಸಿದವರು ನಮ್ಮ ಜೊತೆಗಿದ್ದ ಅರಣ್ಯ ಇಲಾಖೆಯ ವಾಚರ್, ಜೇನು ಕುರುಬರ ಹಿರಿಯರು. ಅವರ ತಾತನಿಗೆ ಇದು ಬೇಟೆಯ ವಿದ್ಯೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದ ಮೇಲೂ ಓದುವ ಕಣ್ಣು ಮನೆತನದಲ್ಲಿ ಉಳಿದಿದೆ.

ಮೊದಲ ದಿನವೇ ಕೆರೆಯಂಚಿನಲ್ಲಿ ಅಚ್ಚೊತ್ತಿದಂಥ ಹುಲಿ ಹೆಜ್ಜೆ ಕಂಡು, ‘ಇದು ಇವತ್ತಿನದೇ ಅಜ್ಜ’ ಎಂದೆ. ಅವರು ಕುಕ್ಕರಗಾಲಿನಲ್ಲಿ ಕುಳಿತು ಅದರ ಅಂಚನ್ನು ಬೆರಳಿನಿಂದ ಒತ್ತಿದರು. ಇಟ್ಟಿಗೆಯಷ್ಟು ಗಟ್ಟಿ. ‘ಕೆಸರಿದ್ದಾಗ ಇಟ್ಟ ಹೆಜ್ಜೆ ಸ್ವಾಮಿ. ನೀರು ಈಗ ಎಲ್ಲಿದೆ ನೋಡಿ’ ಎಂದರು. ನೀರು ನಾಲ್ಕು ಮಾರು ಆಚೆ ಸರಿದಿತ್ತು. ಹೆಜ್ಜೆಯ ಗುಳಿಯೊಳಗೆ ಹುಲ್ಲು ಮೊಳೆತಿತ್ತು. ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಕಾಡ್ಗಿಚ್ಚು ಹರಡದಂತೆ ಗಿಡಗಂಟಿ ಸವರಿದ ಪಟ್ಟಿ, ಅಂದರೆ ಬೆಂಕಿ ರೇಖೆಯ ಕೆಂಧೂಳಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಅಂಚು ಅರ್ಧ ದಿನದ ಗಾಳಿಗೇ ಉದುರುತ್ತದೆ. ಚಳಿಗಾಲದ ರಾತ್ರಿ ಮರದೆಲೆಗಳಿಂದ ತೊಟ್ಟಿಕ್ಕುವ ಇಬ್ಬನಿ ಧೂಳಿನಲ್ಲಿ ಸಣ್ಣ ಚುಕ್ಕಿಗಳನ್ನು ಮೂಡಿಸುತ್ತದೆ. ಹೆಜ್ಜೆಯ ಮೇಲೆಯೇ ಚುಕ್ಕಿಗಳಿದ್ದರೆ ಪ್ರಾಣಿ ಇಬ್ಬನಿಗೆ ಮುಂಚೆ ಹೋಗಿದೆ. ಚುಕ್ಕಿಗಳನ್ನು ತುಳಿದು ಅಳಿಸಿದ್ದರೆ ಬೆಳಗಿನ ಜಾವದ ನಡಿಗೆ. ಹುಲಿ ಹೆಜ್ಜೆಯ ಮೇಲೆ ಕಡವೆಯ ಗೊರಸು ಬಿದ್ದಿದ್ದರೆ, ರಾತ್ರಿಯ ಹಕ್ಕಿ ನತ್ತಿಂಗ ಅದರಲ್ಲಿ ಹೊರಳಿದ್ದರೆ, ಅವೂ ಗಡಿಯಾರಗಳೇ. ನಾನು ಪ್ರತಿ ಹೆಜ್ಜೆಯ ಪಕ್ಕದಲ್ಲಿ ನನ್ನ ಅಂಗೈಯನ್ನು ಒತ್ತಿ ಬರತೊಡಗಿದೆ. ಮರುದಿನ ಅದೇ ದಾರಿಯಲ್ಲಿ ಬಂದಾಗ ಇಪ್ಪತ್ನಾಲ್ಕು ಗಂಟೆಯಲ್ಲಿ ಆ ಮಣ್ಣು ಎಷ್ಟು ಬದಲಾಗುತ್ತದೆ ಎಂಬುದು ಎದುರಿಗೇ ಇರುತ್ತಿತ್ತು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಹುಲಿ ಗಡಿ ಗುರುತಿಸಲು ಮೂತ್ರ ಸಿಂಪಡಿಸಿದ ಮರದ ಬೊಡ್ಡೆಯನ್ನೂ ಅಜ್ಜ ಮೂಸಿ ತೋರಿಸಿದರು. ಗಂಧಸಾಲೆ ಅಕ್ಕಿ ಬೇಯುವಾಗಿನ ಪರಿಮಳ! ಆ ಕ್ಷಣ ಮೈ ಜುಮ್ಮೆಂದದ್ದು ಇವತ್ತಿಗೂ ನೆನಪಿದೆ.

ಮೂರನೆಯ ಬೆಳಿಗ್ಗೆ ಹಳ್ಳ ದಾಟುವಲ್ಲಿ ಅಗಲವಾದ ಆನೆ ಹೆಜ್ಜೆ ಸಿಕ್ಕಿತು. ಪಕ್ಕದ ಲದ್ದಿಯಿಂದ ಹಬೆ ಏಳುತ್ತಿತ್ತು. ನಾನು ಬಾಗಿ ನೋಡಿದೆ: ಗುಳಿಯೊಳಗೆ ನೀರು ಇನ್ನೂ ಒಸರುತ್ತಿತ್ತು, ಕೆಸರು ತಳಕ್ಕೆ ಇಳಿದಿರಲಿಲ್ಲ. ಈ ಸಲ ನಾನು ಬಾಯಿ ತೆರೆಯಲಿಲ್ಲ, ಅಜ್ಜನ ಮುಖ ನೋಡಿದೆ. ಅವರು ಒಂದು ಚಿಟಿಕೆ ಧೂಳು ತೂರಿದರು. ಅದು ನಮ್ಮ ಬೆನ್ನಿನ ಕಡೆಯಿಂದ ಮುಂದಿನ ಪೊದೆಗಳತ್ತ, ನಮ್ಮ ವಾಸನೆಯ ಜೊತೆಗೇ, ಹಾರಿತು. ನನ್ನ ತೋಳು ಹಿಡಿದು, ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಕ್ಕೆ ಕರೆದುಕೊಂಡು ಹೋದರು. ಗಣತಿಗಾಗಿ ಅವತ್ತು ನಡೆಯಬೇಕಿದ್ದ ಐದು ಕಿಲೋಮೀಟರ್ ಪೂರ್ತಿಯಾಗಲಿಲ್ಲ.