ಚಾಳಿನ ಅಂಗಳದಲ್ಲಿ ಗ್ಲೋಬ್ ಥಿಯೇಟರ್ ಥರ ನಾಟಕ ಆಡೋದು ಹೇಗೆ

ಮುಂಬೈನಲ್ಲಿ ಕನ್ನಡ ನಾಟಕ ಅಂದ್ರೆ ಎಲ್ಲರೂ ಮೊದಲು ಹುಡುಕೋದು ಹಾಲ್, ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಡೇಟ್ ಸಿಗುತ್ತಾ ಅಂತ. ನಿಮ್ಮ ಚಾಳಲ್ಲಿ ಸುತ್ತ ಗ್ಯಾಲರಿ ಇರೋ ಅಂಗಳ ಇದ್ರೆ ಹಾಲ್ ಯಾಕ್ರೀ ಬೇಕು? ನಾನೂರು ವರ್ಷದ ಹಿಂದೆ ಶೇಕ್ಸ್‌ಪಿಯರ್ ನಾಟಕಗಳನ್ನ ಆಡ್ತಿದ್ದ ಲಂಡನ್ನಿನ ಗ್ಲೋಬ್ ಥಿಯೇಟರೂ ನಡುವೆ ತೆರೆದ ಅಂಗಳ, ಸುತ್ತ ಗ್ಯಾಲರಿ, ಹೀಗೇ ಇತ್ತು. ಅಲ್ಲೇ ಜೇಮ್ಸ್ ಬರ್ಬೇಜ್ ಅನ್ನೋ ನಟ 1576ರಲ್ಲಿ 'ದಿ ಥಿಯೇಟರ್' ಕಟ್ಟೋಕೂ ಮುಂಚೆ ಎಷ್ಟೋ ತಂಡಗಳು ಆಡ್ತಿದ್ದದ್ದು ಇಂಥಾ ಛತ್ರದ ಅಂಗಳಗಳಲ್ಲೇ.

ಸ್ಟೇಜನ್ನ ಒಂದು ಗೋಡೆಗೆ ತಾಗಿಸಿ ಅಂಗಳದ ಮಧ್ಯದವರೆಗೂ ಚಾಚಿ, ಜನ ಮೂರು ಕಡೆ ನಿಲ್ಲಬೇಕು. 1600ರಲ್ಲಿ ಲಂಡನ್ನಿನ ಫಾರ್ಚೂನ್ ಥಿಯೇಟರ್‌ನ ಸ್ಟೇಜು 43 ಅಡಿ ಅಗಲ, ನಿಮಗೆ 12 ಅಡಿ ಧಾರಾಳ. ಹಿಂದೆ ಎರಡು ಬಾಗಿಲಿರೋ ರೂಮ್ ಸಿಕ್ಕರೆ ಅದೇ ಚೌಕಿ, ಅಂದ್ರೆ ವೇಷ ಕಟ್ಟೋ ಜಾಗ, ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸ್ಟೇಜ್ ಮೇಲ್ಗಡೆ ಮೊದಲನೇ ಮಹಡಿ ಗ್ಯಾಲರಿ ಮಾತ್ರ ಬಿಡಬೇಡಿ, ಕೋಟೆ ಗೋಡೆನೂ ಅದೇ ಜೂಲಿಯೆಟ್ ಕಿಟಕಿನೂ ಅದೇ, ಆ ಮನೆಯವರನ್ನ ಹದಿನೈದು ದಿನ ಮುಂಚೆನೇ ಒಪ್ಪಿಸಿಟ್ಕೊಳ್ಳಿ.

ಲೈಟ್ ಬೇಡ, ಮೈಕ್ ಬೇಡ. ಆಗ ಲಂಡನ್ನಲ್ಲಿ ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ ಶುರು, ನಮ್ಮ ಬಿಸಿಲಿಗೆ ಅದು ಆಗಲ್ಲ, ಡಿಸೆಂಬರ್ ಭಾನುವಾರ ನಾಲ್ಕಕ್ಕೆ ಇಟ್ಕೊಂಡು ಆರಕ್ಕೆ ಕತ್ತಲಾಗೋ ಮುಂಚೆ ಮುಗಿಸಿ. ರಾತ್ರಿ ಸೀನ್ ಹೇಗೆ ಅಂತೀರಾ? ಹ್ಯಾಮ್ಲೆಟ್ ಶುರುವಾಗೋದೇ ಕಾವಲುಗಾರ "ಯಾರದು?" ಅನ್ನೋದರಿಂದ, ಎದುರಿಗೆ ನಿಂತವನು ಜನಕ್ಕೆಲ್ಲ ಹಾಡಹಗಲಲ್ಲಿ ಕಾಣ್ತಿರ್ತಾನೆ, ಇವನಿಗೆ ಮಾತ್ರ ಕಾಣಲ್ಲ, ಅಷ್ಟಕ್ಕೇ ಕತ್ತಲೆ ಬಂತು. ನಿಮ್ಮ ನಟನ ಕೈಗೆ ಒಂದು ಲಾಟೀನು ಕೊಡಿ ಸಾಕು. ಸ್ಪಾಟ್‌ಲೈಟ್ ಇಲ್ಲದೆ ನಟನೆ ಆಗಲ್ಲ ಅನ್ನೋರನ್ನ ತಂಡಕ್ಕೆ ಸೇರಿಸ್ಕೊಳ್ಳಲೇಬೇಡಿ.

ಒಬ್ಬ ವಿರಾರ್, ಇನ್ನೊಬ್ಬ ಡೊಂಬಿವಲಿ, ರಿಹರ್ಸಲ್‌ಗೆ ಟೈಮೇ ಇಲ್ಲ ಅನ್ನೋ ತಂಡಕ್ಕೆ ಆಗಿನ ಪದ್ಧತಿನೇ ಸರಿ. ಹೆಚ್ಚುಕಮ್ಮಿ ದಿನಕ್ಕೊಂದು ನಾಟಕ ಆಡ್ತಿದ್ರು, ನಟನ ಕೈಗೆ ಪೂರ್ತಿ ಪ್ರತಿ ಬರ್ತಿರಲಿಲ್ಲ, ಅವನ ಮಾತು ಮತ್ತೆ ಅದಕ್ಕೆ ಮುಂಚೆ ಎದುರಿನವನು ಹೇಳೋ ಕೊನೇ ಎರಡ್ಮೂರು ಪದ, ಅಷ್ಟೇ. ಹಾಗೇ ಬರೆದು ವಾಟ್ಸಾಪಲ್ಲಿ ಕಳಿಸಿ, ಲೋಕಲಲ್ಲಿ ಬಾಯಿಪಾಠ ಆಗುತ್ತೆ. ಕತ್ತಿವರಸೆ, ಕುಣಿತ ಇದ್ರೆ ಅದನ್ನ ಮಾತ್ರ ಎಲ್ಲರೂ ಸೇರಿ ಮಾಡಿ.

ಟಿಕೆಟ್ ಇಡೋದಾದ್ರೆ, ಆಗ ಲಂಡನ್ನಲ್ಲಿ ಅಂಗಳದಲ್ಲಿ ನಿಲ್ಲೋರಿಗೆ ಒಂದು ಪೆನ್ನಿ, ಗ್ಯಾಲರಿಗೆ ಎರಡು, ದಿಂಬು ಬೇಕಂದ್ರೆ ಮೂರು. ಚಾಳಲ್ಲಿ ಗ್ಯಾಲರಿಯವರ ಹತ್ರ ದುಡ್ಡು ಕೇಳೋಕೆ ಹೋಗ್ಬೇಡಿ, ಅದು ಅವರ ಮನೆ. ತಿನ್ನೋರನ್ನ ಬೈಬೇಡಿ, ಅಲ್ಲೂ ನಾಟಕ ನೋಡ್ತಾ ಗಟ್ಟಿ ಸಿಪ್ಪೆಯ ಬೀಜ ಒಡ್ಕೊಂಡು ತಿಂತಿದ್ರು, 1989ರಲ್ಲಿ ಆ ಕಾಲದ ರೋಸ್ ಥಿಯೇಟರ್ ಜಾಗ ಅಗೆದಾಗ ಹೇಜಲ್‌ನಟ್ ಸಿಪ್ಪೆ ರಾಶಿ ಸಿಕ್ಕಿದೆ. ಶೇಂಗಾದವನನ್ನ ಮೂಲೇಲಿ ನಿಲ್ಲಿಸಿ.

ಪಟಾಕಿ ಮಾತ್ರ ಬೇಡವೇ ಬೇಡ. 1613ರ ಜೂನ್ 29ಕ್ಕೆ ಗ್ಲೋಬಲ್ಲಿ ರಾಜ ಬರೋ ಸೀನಿಗೆ ಫಿರಂಗಿ ಹಾರಿಸಿ ಹುಲ್ಲಿನ ಚಾವಣಿಗೆ ಕಿಡಿ ತಗುಲಿ ಇಡೀ ಥಿಯೇಟರ್ ಬೂದಿಯಾಯ್ತು, ಒಬ್ಬನ ಚಡ್ಡಿಗೆ ಬೆಂಕಿ ಹತ್ತಿ ಬಿಯರ್ ಸುರಿದು ಆರಿಸಿದ್ರಂತೆ.

ದುರಂತ ನಾಟಕ ಆದ್ರೂ ಕೊನೇಲಿ ಕುಣಿತ ಇಡಿ. 1599ರಲ್ಲಿ ಜೂಲಿಯಸ್ ಸೀಸರ್ ನೋಡಿದ ಥಾಮಸ್ ಪ್ಲಾಟರ್ ಅನ್ನೋ ಸ್ವಿಸ್ ಪ್ರವಾಸಿ, ನಾಟಕ ಮುಗಿದ್ಮೇಲೆ ಇಬ್ಬರು ಗಂಡು ವೇಷ ಇಬ್ಬರು ಹೆಣ್ಣು ವೇಷ ಚೆನ್ನಾಗಿ ಕುಣಿದ್ರು ಅಂತ ಬರೆದಿಟ್ಟಿದ್ದಾನೆ. ಸೀಸರ್ ಆದವನೇ ಎದ್ದು ಬಂದು ಕುಣಿದ್ರೂ ಯಾರೂ ಏನೂ ಅನ್ಕೊಳ್ಳಲ್ಲ, ಢೋಲಕಿಯವನಿಗೆ ಮೊದಲೇ ಹೇಳಿಡಿ.