ಅವ್ವನ ಮಂಚದ ಅಳತಿ ಹಿಡ್ಕೊಂಡು ಗಾಡಿ ಹುಡುಕಿದ್ದು

ನಮ್ಮನ್ಯಾಗ ಐದು ಮಂದಿ. ನಾನು, ಮನ್ಯಾಕಿ, ಅವ್ವ, ಒಂಬತ್ತನೇ ಕ್ಲಾಸಿನ ಮಗ, ನಾಕನೇ ಕ್ಲಾಸಿನ ಮಗಳು. ಹನ್ನೊಂದು ವರ್ಷ ಒಂದು ಡೀಸೆಲ್ ಹ್ಯಾಚ್‌ಬ್ಯಾಕ್ ಓಡಿಸಿದೆ, ಭಾಳ ಪ್ರೀತಿಲಿಂದ ಓಡಿಸಿದೆ, ಕಲಬುರಗಿಲಿಂದ ಹೈದರಾಬಾದ್‌ಗೆ ಒಬ್ನೇ ಹೋಗೋದಿದ್ರ ಹಿಂದಿನ ರಾತ್ರಿನೇ ಖುಷಿ ಆಗ್ತಿತ್ತು. ನನಗ ಗಾಡಿ ಅಂದ್ರ ಬರೇ ಒಂದು ಊರಿಂದ ಇನ್ನೊಂದು ಊರಿಗೆ ಹೋಗೋ ಸಾಮಾನಲ್ಲ, ಕೈಯಾಗ ಸ್ಟೇರಿಂಗ್ ಹಿಡಿದಾಗ ರೋಡು ಏನ್ ಹೇಳಲತ್ತದ ಅಂತ ತಿಳೀಬೇಕು, ಗೇರ್ ಹಾಕಿದ್ರ ಕೈಗೆ ಖಟ್ ಅಂತ ಗೊತ್ತಾಗ್ಬೇಕು.

ಆದ್ರ ಮಕ್ಕಳು ಬೆಳೆದ್ರು, ಅವ್ವನ ಮೊಣಕಾಲು ಹೋದ್ವು. ಆಮ್ಯಾಲ ಒಂದಿನ ಸೇಡಂ ರೋಡ್ ಮ್ಯಾಲ ಮಳಖೇಡ ಇನ್ನೂ ಜರಾ ದೂರ ಇತ್ತು, ಮುಂದ ಸಿಮೆಂಟ್ ಬಲ್ಕರ್, ಅಂದ್ರ ಪುಡಿ ಸಿಮೆಂಟ್ ಒಯ್ಯೋ ದೊಡ್ಡ ಟ್ಯಾಂಕರ್ ಲಾರಿ ಹೊಂಟಿತ್ತು, ಆ ಕಡೆ ಎಲ್ಲಾ ಸಿಮೆಂಟ್ ಫ್ಯಾಕ್ಟರಿ ಇರೋದ್ರಿಂದ ಒಂದು ದಾಟಿದ್ರ ಇನ್ನೊಂದು ಬಲ್ಕರ್ ಇದ್ದೇ ಇರ್ತದ. ಗಾಡಿ ತುಂಬ ಮಂದಿ, ಹಿಂದ ಡಿಕ್ಕಿ ತುಂಬ ಸಾಮಾನು, ಎಸಿ ಫುಲ್. ಮೂರನೇ ಗೇರ್‌ನಾಗ ಬಾಜೂಕ ಬಂದೆ, ಆ್ಯಕ್ಸಿಲರೇಟರ್ ಒತ್ತಿದೆ, ಇಂಜಿನ್‌ಗೆ ಜಾಸ್ತಿ ಗಾಳಿ ತುಂಬಿ ಜೋರು ಕೊಡೋ ಟರ್ಬೊ ಏಳಲೇ ಇಲ್ಲ. ಎರಡು ಸಾವಿರ ಆರ್‌ಪಿಎಂ (ನಿಮಿಷಕ್ಕ ಇಂಜಿನ್ ತಿರುಗೋ ಸುತ್ತು) ದಾಟೋ ತನಕ ಆ ಇಂಜಿನ್ ಹಂಗೇ, ಒಬ್ನೇ ಇದ್ದಾಗ ಅದನ್ನ ಸಂಭಾಳಿಸೋದು ರೂಢಿ ಆಗಿತ್ತು, ಐದು ಮಂದಿ ಭಾರ ಬಿದ್ದಾಗ ಲೆಕ್ಕ ತಪ್ತು. ಎದುರಿಂದ ಬಸ್. ಬ್ರೇಕ್ ಹಾಕಿ ವಾಪಸ್ ಬಲ್ಕರ್ ಹಿಂದ ಬಂದೆ. ಯಾರೂ ಏನೂ ಅನ್ನಲಿಲ್ಲ, ಮನ್ಯಾಕಿ ಮಾತ್ರ ಮಗಳ ಕೈ ಹಿಡ್ಕೊಂಡಿದ್ದು ಕನ್ನಡಿಯಾಗ ಕಂಡಿತು. ಎರಡನೇ ಗೇರ್‌ಗೆ ಇಳಿಸಬೇಕಿತ್ತು, ಅದು ನನ್ನ ತಪ್ಪೇ. ಆದ್ರ ಅವತ್ತೇ ನಿರ್ಧಾರ ಮಾಡಿದೆ, ಗಾಡಿ ಬದ್ಲಿ ಮಾಡ್ಬೇಕು, ಮತ್ತ ಮುಂದಿಂದು ತುಂಬಿದಾಗೂ ಕೆಳಗಿನ ಆರ್‌ಪಿಎಂನಾಗ ಎಳೀಬೇಕು.

ಗೆಳೆಯರೆಲ್ಲಾ ಒಂದೇ ಮಾತು, ದೊಡ್ಡ ಏಳು ಸೀಟಿಂದು ತಗೋ, ಮಕ್ಕಳು ದೊಡ್ಡೋರಾದ್ರು, ಇನ್ನ ನಿನ್ನ ಡ್ರೈವಿಂಗ್ ಮಜಾ ಸಾಕು ಬಿಡು ಅಂತ. ನಾನು ಒಪ್ಪಲಿಲ್ಲ. ಓಡಿಸೋದ್ರಾಗ ಖುಷಿ ಇದ್ರ ಲಕ್ಷ್ಯ ರೋಡ್ ಮ್ಯಾಲೇ ಇರ್ತದ, ಬ್ಯಾಸರಾಗೋ ಗಾಡಿಯಾಗ ಕೈ ಮೊಬೈಲ್ ಕಡೆ ಹೋಗ್ತದ, ಇದು ನಾನು ಬ್ಯಾರೆಯವರ ಗಾಡಿ ಓಡಿಸಿ ಕಂಡಿದ್ದು.

ಮೊದಲು ಮನಸ್ಸು ಹೋಗಿದ್ದು ಸೆಡಾನ್ ಮ್ಯಾಲ. ಸ್ಕೋಡಾ ಸ್ಲಾವಿಯಾ, 1.0 ಟಿಎಸ್‌ಐ ಅಂದ್ರ ಒಂದು ಲೀಟರ್‌ನ ಟರ್ಬೊ ಪೆಟ್ರೋಲ್ ಇಂಜಿನ್, ಮ್ಯಾನುಯಲ್ ಗೇರ್. ಒಂದ್ಸಲ ಟೆಸ್ಟ್ ಡ್ರೈವ್ ಮಾಡಿದೆ, ಎರಡು ದಿನ ನಿದ್ದಿ ಬರಲಿಲ್ಲ. 521 ಲೀಟರ್ ಡಿಕ್ಕಿ, ಗ್ರೌಂಡ್ ಕ್ಲಿಯರೆನ್ಸ್, ಅಂದ್ರ ನೆಲದಿಂದ ಗಾಡಿ ಹೊಟ್ಟಿ ತನಕದ ಎತ್ತರ, 179 ಮಿಲಿಮೀಟರ್, ಸೆಡಾನ್‌ಗೆ ಒಳ್ಳೇದೇ. ಬುಕ್ ಮಾಡೋದೇ ಇತ್ತು. ಎರಡನೇ ಸಲ ನೋಡ್ಲಕ್ಕ ಹೋದಾಗ ಅವ್ವನ್ನ ಕರ್ಕೊಂಡು ಹೋದೆ. ಕುಂದ್ರೋದು ಕುಂತಳು. ಇಳಿಯೋ ಮುಂದ ಒಂದು ಕಾಲು ಹೊರಗ ಹಾಕಿದಳು, ಬಾಗಿಲ ಹಿಡಿದಳು, ಏಳ್ಲಕ್ಕ ನೋಡಿದಳು, ಆಗಲಿಲ್ಲ, ಮತ್ತ ನೋಡಿದಳು, ಕಡೀಕ ನನ್ನ ಕೈ ಕೇಳಿದಳು. "ಗಾಡಿ ಚಂದ ಅದಪ್ಪ, ತಗೋ" ಅಂದಳು. ಆ ಮಾತು ಕೇಳಿ ನನಗ ಸಂಕಟ ಆಯ್ತು, ಯಾಕಂದ್ರ ಆಕಿ ಹಂಗೇ, ತನಗ ತ್ರಾಸಾದ್ರೂ ಹೇಳೋಳಲ್ಲ, ಸುಮ್ನ ಮುಂದಿನ ಸಲ ನಾ ಬರಲ್ಲ ಮನ್ಯಾಗಿರ್ತೀನಿ ಅಂತಾಳ.

ಮನಿಗೆ ಬಂದು ವಿಚಾರ ಮಾಡಿದೆ. ಅವ್ವ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಎರಡು ವರ್ಷಾಯ್ತು, ಸೋಫಾದಾಗಂತೂ ಕುಂದ್ರೋದೇ ಇಲ್ಲ, ಆದ್ರ ತನ್ನ ಕಬ್ಬಿಣದ ಮಂಚದ ಮ್ಯಾಲಿಂದ ಆರಾಮ್ ಏಳ್ತಾಳ, ದಿನಕ್ಕ ಇಪ್ಪತ್ತು ಸಲ. ಟೇಪ್ ತಂದು ಅಳೆದೆ. ನೆಲದಿಂದ ಗಾದಿ ಮ್ಯಾಲತನ 24 ಇಂಚು. ಆಮ್ಯಾಲ ನಾನು ಎಲ್ಲಿ ಗಾಡಿ ನೋಡ್ಲಕ್ಕ ಹೋದ್ರೂ ಕಿಸೆದಾಗ ಟೇಪ್ ಇಟ್ಕೊಂಡು ಹೋದೆ, ಹಿಂದಿನ ಬಾಗಿಲ ತೆಗದು ನೆಲದಿಂದ ಸೀಟಿನ ಅಂಚಿನ ತನಕ ಅಳೀತಿದ್ದೆ. ಸೆಡಾನ್‌ಗಳು 19, 20 ಇಂಚು ಬಂದ್ವು. ದೊಡ್ಡ ಎಸ್‌ಯುವಿಗಳು 30ರ ಹತ್ರ, ಅಂದ್ರ ಅವ್ವ ಮೆಟ್ಟಲ ಹತ್ತಿದಂಗ ಹತ್ತಬೇಕು, ಮೊಣಕಾಲಿಗೆ ಅದು ಇನ್ನೂ ತ್ರಾಸು. ನಡುವಿನ ಸೈಜಿನ ಎಸ್‌ಯುವಿಗಳು ಮಾತ್ರ ಮಂಚದ ಆಸುಪಾಸು ಬಂದ್ವು, ಬೆನ್ನು ತಿರುಗಿಸಿ ಕುಂತು, ಕಾಲು ಒಳಗ ತಗೊಂಡ್ರ ಆಯ್ತು. ಇದರ ಜೊತೀಗೆ ಬಾಗಿಲದ ಕೆಳಗಿನ ಹೊಸ್ತಿಲದ ಅಗಲನೂ ನೋಡ್ರಿ, ಅದು ಅಗಲ ಇದ್ರ ಕಾಲು ನೆಲಕ್ಕ ಎಟುಕೋದಿಲ್ಲ, ಸೀರಿಗೆ ಧೂಳು ಬ್ಯಾರೆ ಹತ್ತತದ.

ಇನ್ನ ರೋಡಿನ ಮಾತು. ಇದನ್ನ ನಾನು ಜರಾ ಉದ್ದ ಹೇಳ್ತೀನಿ, ಯಾಕಂದ್ರ ಬೆಂಗಳೂರು ಕಡೆಯವರು ಹೇಳಿದ್ದು ಕೇಳಿ ಗಾಡಿ ತಗೊಂಡ್ರ ನಮ್ಮ ಕಡೆ ಅದು ಬ್ಯಾರೇನೇ ನಡೀತದ. ನಮ್ಮದು ಎರಿ ಭೂಮಿ. ಮಳಿಗಾಲದಾಗ ಎರಿ ಮಣ್ಣು ನೀರು ಕುಡುದು ಉಬ್ಬತದ, ಬ್ಯಾಸಿಗ್ಯಾಗ ಒಣಗಿ ಬಿರೀತದ, ಕೈ ಹೋಗೋವಷ್ಟು ಬಿರುಕು ಬಿಡ್ತದ. ಅದರ ಮ್ಯಾಲ ಎಷ್ಟೇ ಛಲೋ ಡಾಂಬರ್ ಹಾಕಿದ್ರೂ ಬುಡ ಗಟ್ಟಿ ಇಲ್ಲಂದ್ರ ಎರಡು ಮಳಿಗಾಲಕ್ಕ ರೋಡು ಅಲೆ ಅಲೆ ಆಗ್ತದ. ತಗ್ಗು ಕಾಣ್ತದ, ತಪ್ಪಿಸಬಹುದು. ಈ ಅಲೆ ಕಣ್ಣಿಗೆ ಕಾಣೋದಿಲ್ಲ, ಎಂಬತ್ತರ ಸ್ಪೀಡ್‌ನಾಗ ಗಾಡಿ ಒಮ್ಮೆ ಮ್ಯಾಲ ಎದ್ದು ಕೆಳಗ ಕುಂದ್ರತದ, ಕುಂತಿದ್ದು ಅಲ್ಲಿಗೇ ನಿಂತ್ರ ಛಲೋ, ನಿಲ್ಲದೇ ಇನ್ನೆರಡು ಸಲ ತೂಗಿದ್ರ ಹಿಂದ ಕುಂತವರ ಹೊಟ್ಟಿ ತೊಳಸ್ತದ. ನನ್ನ ಮಗಳಿಗೆ ವಾಂತಿ ಆಗೋದು ತಗ್ಗು ದಿಣ್ಣಿನಾಗಲ್ಲ, ಇಂಥಾ ತೂಗಾಟದಾಗ. ಮೆತ್ತಗಿನ ಸಸ್ಪೆನ್ಷನ್ ಇದ್ದ ಗಾಡಿ ಶೋರೂಮ್ ಮುಂದಿನ ಸ್ಪೀಡ್ ಬ್ರೇಕರ್ ಮ್ಯಾಲ ಹೂವಿನಂಗ ಅನಸ್ತದ, ಅದನ್ನೇ ಫುಲ್ ಲೋಡ್ ಮಾಡಿ ಜೇವರ್ಗಿ ರೋಡಿಗೆ ತಗೊಂಡು ಹೋಗ್ರಿ, ಖರೇ ಏನಂತ ತಿಳೀತದ.

ಅದಕ್ಕ ನಾನು ಐದೂ ಮಂದಿನ್ನ ಕರ್ಕೊಂಡೇ ಟೆಸ್ಟ್ ಡ್ರೈವ್ ಕೊಡ್ರಿ ಅಂತ ಹಠ ಹಿಡಿದೆ. ಒಂದು ಶೋರೂಮ್‌ನಾಗ ಒಪ್ಪಲೇ ಇಲ್ಲ, ರಿಂಗ್ ರೋಡ್ ಮ್ಯಾಲ ಎರಡು ಕಿಲೋಮೀಟರ್ ಹೋಗಿ ಬರ್ರಿ ಸಾಕು ಅಂದ್ರು, ಹದಿನೈದು ಲಕ್ಷ ಹಾಕೋ ಮನುಷ್ಯಾಗ ಹದಿನೈದು ನಿಮಿಷ ಕೊಡ್ಲಕ್ಕ ಆಗೋದಿಲ್ಲಂದ್ರ ಹೆಂಗ್ರಿ, ಅಲ್ಲಿಂದ ಎದ್ದು ಬಂದೆ. ಬ್ಯಾರೆ ಕಡೆ ಪಾಪ ಒಳ್ಳೇ ಹುಡುಗ ಸಿಕ್ಕ, ತಾನೇ ಇಳಿದು ನೀವು ಮನಿ ಮಂದಿ ಹೋಗಿ ಬರ್ರಿ ಸರ್ ಅಂದ. ಅವತ್ತು ನಾನು ಕನ್ನಡಿ ಅವ್ವನ ಕಡೆ ತಿರುಗಿಸಿ ಇಟ್ಕೊಂಡೆ. ಅಲೆ ಬಂದಾಗ ಆಕಿ ತೆಲಿ ಎಷ್ಟು ಸಲ ತೂಗ್ತದ ಅಂತ ಮಗ ಬಾಜೂಕ ಕುಂತು ಎಣಸ್ತಿದ್ದ. ಒಂದು ಗಾಡಿಯಾಗ ಮೂರು ಸಲ, ಇನ್ನೊಂದ್ರಾಗ ಎರಡು. ಸ್ಕೋಡಾದ್ದೇ ನಡುವಿನ ಸೈಜಿನ ಎಸ್‌ಯುವಿ ಕುಶಾಕ್‌ನಾಗ ಒಂದೇ ಸಲ ತೂಗಿ ನಿಂತಿತು. ತಗ್ಗಿನ್ಯಾಗ ಇಳಿದಾಗ ಧಡ್ ಅಂತ ಜರಾ ಜಾಸ್ತಿ ಕೇಳ್ತದ, ಅದು ಇದ್ದದ್ದೇ, ಆದ್ರ ಎದ್ದ ಗಾಡಿ ಕೂಡ್ಲೇ ಕುಂದ್ರತದ. ಅವಾಗ ನನಗ ಒಂದು ಮಾತು ಮನದಟ್ಟಾಯ್ತು, ತಿರುವಿನ್ಯಾಗ ನನಗ ಮಜಾ ಕೊಡೋ ಗುಣ ಯಾವುದೋ ಅದೇ ಗುಣ ಹಿಂದ ಅವ್ವಗ ನಿದ್ದಿ ತರಸ್ತದ. ಬಾಡಿ ಹಿಡಿತದಾಗ ಇದ್ರ ಇಬ್ಬರಿಗೂ ಛಲೋ. ಇಷ್ಟು ದಿನ ಮನಿ ಮಂದಿ ಸುಖ ಬ್ಯಾರೆ, ನನ್ನ ಖುಷಿ ಬ್ಯಾರೆ ಅಂತ ತಿಳ್ಕೊಂಡು ಒದ್ದಾಡಿದ್ದು ವ್ಯರ್ಥ.

ಕುಶಾಕ್ ಅಂದ್ರ ಹೊಸದೇನಲ್ಲ, 2021ರಾಗ ಬಂದದ್ದು, ಸ್ಲಾವಿಯಾದ್ದೇ ಪ್ಲಾಟ್‌ಫಾರ್ಮ್, ಮುಂದಿನ ಹಿಂದಿನ ಗಾಲಿ ನಡುವಿನ ದೂರ (ವೀಲ್‌ಬೇಸ್) ಸಹಿತ ಅದೇ 2651 ಮಿಲಿಮೀಟರ್, ನಾನು ಮನಸೋತಿದ್ದ ಅದೇ ಮೂರು ಸಿಲಿಂಡರ್ ಇಂಜಿನ್, ಕುಂದ್ರೋ ಎತ್ತರ ಅಷ್ಟೇ ಬ್ಯಾರೆ. ಗ್ರೌಂಡ್ ಕ್ಲಿಯರೆನ್ಸ್ 188. ಸೀಟಿನ ಅಳತಿ ಮಂಚದ ಹತ್ರ ಹತ್ರ ಬಂತು, ಅವ್ವ ಎರಡು ಸಲ ಕುಂತು ಎದ್ದು ತೋರಿಸಿದಳು. ಇಂಜಿನ್ ಬರೇ 999 ಸಿಸಿ ಅಂತ ಮಂದಿ ಮೂಗು ಮುರೀತಾರ, ಆದ್ರ 115 ಪಿಎಸ್ ಪವರ್, ಟಾರ್ಕ್, ಅಂದ್ರ ಎಳಿಯೋ ಜೋರು, 178 ಎನ್‌ಎಂ 1750 ಆರ್‌ಪಿಎಂಗೇ ಸಿಗಲತ್ತದ, 4500 ತನಕ ಹಂಗೇ ಇರ್ತದ. ಬಲ್ಕರ್ ದಾಟ್ಲಕ್ಕ ನನಗ ಬೇಕಾಗಿದ್ದು ಇದೇ. 150 ಪಿಎಸ್‌ನ 1.5 ಇಂಜಿನ್ನೂ ಅದ, ಅದನ್ನ ಓಡಿಸಿದ್ರ ಮನಸ್ಸು ಕೇಳಲ್ಲ ಅಂತ ಓಡಿಸ್ಲೇ ಇಲ್ಲ. ಸುರಕ್ಷತಿ ವಿಷಯ, ಗಾಡಿ ಡಿಕ್ಕಿ ಹೊಡಿಸಿ ಪರೀಕ್ಷೆ ಮಾಡೋ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ 2022ರ ಟೆಸ್ಟ್‌ನಾಗ ದೊಡ್ಡೋರಿಗೆ 5 ಸ್ಟಾರ್, ಮಕ್ಕಳಿಗೂ 5 ಸ್ಟಾರ್. ಅಫಜಲಪುರ, ಆಳಂದ ಕಡೆ ಕಬ್ಬಿನ ಸೀಜನ್‌ನಾಗ ರಾತ್ರಿ ಹೋದವರಿಗೆ ಗೊತ್ತು, ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಹಿಂದ ಲೈಟ್ ಇಲ್ಲ ರಿಫ್ಲೆಕ್ಟರ್ ಇಲ್ಲ, ಒಮ್ಮೆಲೇ ಮುಂದ ಗ್ವಾಡಿ ಬಂದಂಗ ಕಾಣ್ತದ. ಅಂಥಾ ರೋಡಿಗೆ ಬ್ರೇಕು, ಹೆಡ್‌ಲೈಟು, ಗಟ್ಟಿ ಬಾಡಿ ಇವು ಮೂರೂ ನಾನು ಬಿಟ್ಟುಕೊಡೋದಿಲ್ಲ.

ಡೀಸೆಲ್ ಯಾಕ ಬಿಟ್ಟೆ ಅಂತ ಭಾಳ ಮಂದಿ ಕೇಳ್ತಾರ. ನನ್ನದು ತಿಂಗಳಿಗೆ 900 ಕಿಲೋಮೀಟರ್, ಅದರಾಗ ಅರ್ಧ ಊರಾಗೇ, ಸೂಪರ್ ಮಾರ್ಕೆಟ್, ಜಗತ್ ಸರ್ಕಲ್, ಮಕ್ಕಳ ಶಾಲಿ. ಈಗಿನ ಹೊಗಿ ನಿಯಮದ (ಬಿಎಸ್6) ಡೀಸೆಲ್‌ನಾಗ ಹೊಗಿ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇರ್ತದ, ಅದು ಸುಟ್ಟು ಸ್ವಚ್ಛ ಆಗ್ಲಕ್ಕ ಇಂಜಿನ್ ಬಿಸಿಯಾಗಿ ಜರಾ ದೂರ ಓಡಬೇಕು, ಮೂರು ಕಿಲೋಮೀಟರ್ ಹೋಗಿ ಬಂದ್ ಮಾಡೋರಿಗೆ ಅದು ಹೊಂದೋದಿಲ್ಲ. ದಿನಾ ಬೀದರ್, ಸೊಲ್ಲಾಪುರ ಅಂತ ತಿರುಗೋರು ಡೀಸೆಲ್ಲೇ ತಗೋರಿ, ಅವರಿಗೆ ಅದೇ ಛಲೋ.

ವೇರಿಯಂಟ್ ಆರಿಸೋ ಮುಂದ ಮನ್ಯಾಗ ದೊಡ್ಡ ಚರ್ಚೆ ಆಯ್ತು. ಮಕ್ಕಳಿಗೆ ಸನ್‌ರೂಫ್ ಬೇಕಿತ್ತು. ಮೇ ತಿಂಗಳಾಗ 42, 43 ಡಿಗ್ರಿ ಬಿಸಲಾಗ ತೆಲಿ ಮ್ಯಾಲ ಗಾಜು ಯಾಕ್ರಿ, ಅದೇ ರೊಕ್ಕದಾಗ ನಾಕು ಛಲೋ ಟೈರ್ ಬರ್ತಾವ ಅಂತ ಮಕ್ಕಳಿಗೆ ಕುಂದ್ರಿಸಿ ತಿಳಿಸಿದೆ. ಹಿಂದ ಎಸಿ ವೆಂಟ್ ಮಾತ್ರ ಇರ್ಲೇಬೇಕು, ಅದ. ಟೈರಿನ ಲೆಕ್ಕ ಯಾರೂ ಹೇಳೋದಿಲ್ಲ, ಅದಕ್ಕ ಬರೀತೀನಿ. ಮ್ಯಾಲಿನ ವೇರಿಯಂಟ್‌ಗೆ 17 ಇಂಚಿನ ವೀಲ್, ಟೈರ್ 205/55. ನಾನು ತಗೊಂಡಿದ್ದಕ್ಕ 16 ಇಂಚು, 205/60. ಎರಡೂ 205 ಮಿಲಿಮೀಟರ್ ಅಗಲವೇ, ಆದ್ರ ಬಾಜೂದ ರಬ್ಬರ್ ಎತ್ತರ ಅದರ ಶೇಕಡಾ 55 ಅಂದ್ರ 113 ಮಿಲಿಮೀಟರ್, 60 ಅಂದ್ರ 123. ಹತ್ತು ಮಿಲಿಮೀಟರ್ ರಬ್ಬರ್ ಜಾಸ್ತಿ. ಕೇಳ್ಲಕ್ಕ ಸಣ್ಣದು, ಆದ್ರ ಚೂಪನೆ ಅಂಚಿನ ತಗ್ಗಿನ್ಯಾಗ ರಿಮ್‌ಗೂ ಕಲ್ಲಿಗೂ ನಡುವ ಇರೋದು ಅಷ್ಟೇ, ಶಹಾಬಾದ್ ವಾಡಿ ಕಡೆ ಕಲ್ಲಿನ ಲಾರಿ ಓಡಾಡೋ ರೋಡಿನ್ಯಾಗ ಅದು ಕೈ ಹಿಡೀತದ.

ಗೇರ್ ಮ್ಯಾನುಯಲ್ಲೇ ಅಂತ ಮೊದಲೇ ನಿರ್ಧಾರ ಆಗಿತ್ತು. ಆರು ಗೇರ್, ಹಾಕೋದು ಹಗುರ. ಮನ್ಯಾಕಿಗೆ ಆಟೋಮ್ಯಾಟಿಕ್ ಬೇಕಿತ್ತು, ಆಕಿ ನನಗೋಸ್ಕರ ಬಿಟ್ಟುಕೊಟ್ಟಳು, ಅದರ ಋಣ ನನ್ನ ಮ್ಯಾಲ ಅದ. ರೋಡ್ ಟ್ಯಾಕ್ಸ್ ಬಗ್ಗೆ ಒಂದೇ ಮಾತು, ನಮ್ಮ ರಾಜ್ಯದಾಗ ಗಾಡಿ ಬೆಲೆ 10 ಲಕ್ಷ ದಾಟಿದ್ರ 14 ಪರ್ಸೆಂಟ್ ಇದ್ದದ್ದು 17 ಆಗ್ತದ, ಬಜೆಟ್ ಮಾಡೋ ಮುಂದ ರೋಡ್ ಟ್ಯಾಕ್ಸ್ ಸೇರದ ಎಕ್ಸ್ ಶೋರೂಮ್ ರೇಟ್ ನೋಡಿ ಮೋಸ ಹೋಗಬ್ಯಾಡ್ರಿ. ಡೆಲಿವರಿ ಮೊದಲು ಟೈರ್ ಯಾವಾಗ ತಯಾರಾಗ್ಯದ ಅಂತ ಹೇಳೋ ನಾಕು ಅಂಕಿ ನೋಡಿದೆ, ಮೊದಲಿನ ಎರಡು ಅಂಕಿ ಎಷ್ಟನೇ ವಾರ ಅಂತ, ಕಡೀ ಎರಡು ಅಂಕಿ ಯಾವ ವರ್ಷ ಅಂತ, ಸ್ಟೆಪ್ನಿದು ಸಹಿತ ನೋಡಿದೆ.

ಬಿಟ್ಟುಕೊಟ್ಟಿದ್ದೂ ಹೇಳ್ಬೇಕು. ಡಿಕ್ಕಿ 385 ಲೀಟರ್, ಸ್ಲಾವಿಯಾದ 521ರ ಮುಂದ ಕಮ್ಮಿನೇ, ಮದುವಿ ಸೀಜನ್‌ನಾಗ ಗೊತ್ತಾಗ್ತದ. ಗಾಡಿ ಅಗಲ 1760 ಮಿಲಿಮೀಟರ್, ಹಿಂದ ಅವ್ವ ಮತ್ತ ಇಬ್ಬರು ಮಕ್ಕಳಿಗೆ ಸರಿ ಹೋಗ್ತದ, ಮೂರು ಮಂದಿ ದೊಡ್ಡೋರು ಬೀದರ್ ತನಕ ಅಂದ್ರ ಇಕ್ಕಟ್ಟು. ನಿಮ್ಮನ್ಯಾಗ ಹಿಂದ ಮೂರೂ ದೊಡ್ಡೋರಿದ್ರ ಇದಕ್ಕಿಂತ ಅಗಲದ್ದು ನೋಡ್ರಿ. ಮೈಲೇಜ್ ಊರಾಗ 11, 12, ಹೈವೇದಾಗ ಶಾಂತ ಓಡಿಸಿದ್ರ 17. ಮೊದಲಿನ ಡೀಸೆಲ್ ನೆನಪಾಗ್ತದ ಪೆಟ್ರೋಲ್ ಬಂಕ್‌ನಾಗ. ಇನ್ನೊಂದು, ಐದು ಮಂದಿ ಹೊಂಟಾಗ ಟೈರ್ ಗಾಳಿ ಫುಲ್ ಲೋಡ್‌ಗೆ ಎಷ್ಟು ಅಂತ ಗಾಡಿ ಮ್ಯಾಲಿನ ಸ್ಟಿಕರ್‌ನಾಗ ಬ್ಯಾರೆ ಬರೆದಿರ್ತದ, ಅಷ್ಟು ಹಾಕ್ಸಿಕೊಂಡೇ ಹೋಗ್ರಿ. ಅರ್ಧ ಮಂದಿ ಗಾಡಿ ಹಿಂದ ಕುಂತು ಎಳೀತದ ಅಂತ ಗೋಳಾಡೋದು ಇದನ್ನ ನೋಡದೇ ಇರೋದ್ರಿಂದ.

ತಗೊಂಡು ಈಗ ವರ್ಷದ ಮ್ಯಾಲಾಯ್ತು. ಒಂದು ಐತವಾರ ಬೆಳಿಗ್ಗೆ ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ರೋಡಿಗೆ ನಾನೂ ಮಗನೂ ಇಬ್ಬರೇ ಹೋಗಿದ್ವಿ, ನಮ್ಮ ಬಯಲು ಸೀಮಿಯಾಗ ತಿರುವು ಸಿಗೋದೇ ಅಪರೂಪ, ಅಲ್ಲಿ ಎರಡು ಮೂರನೇ ಗೇರ್‌ನಾಗ ಆಡ್ಕೊಂತ ಹೋಗೋ ಮುಂದ ಮಗ ಮೊಬೈಲ್ ಕೆಳಗಿಟ್ಟು ಯಾವಾಗ ಗೇರ್ ಇಳಿಸ್ತಿ, ಯಾಕ ಇಳಿಸ್ತಿ ಅಂತ ಕೇಳ್ಕೊಂತ ಕುಂತಿದ್ದ. ಸೇಡಂ ರೋಡಿನ್ಯಾಗೂ ಅದೇ ಬಲ್ಕರ್ ಸಿಕ್ತಾವ, ಗೇರ್ ಇಳಿಸ್ತೀನಿ, ಮುಂದ ಖುಲ್ಲಾ ಇದ್ರ ದಾಟ್ತೀನಿ, ಇಲ್ಲಂದ್ರ ಹಿಂದೇ ಇರ್ತೀನಿ, ಎದಿ ಢವ ಢವ ಅನ್ನೋದಿಲ್ಲ.

ಹೋದ ಹುಣ್ಣಿಮಿಗೆ ಗಾಣಗಾಪುರಕ್ಕ ಹೋಗಿದ್ವಿ. ಅವ್ವ ದಾರಿ ತುಂಬ ಮಲಗಿದ್ದಳು, ಮಗಳಿಗೆ ವಾಂತಿ ಇಲ್ಲ ಏನಿಲ್ಲ. ಸಂಗಮದ ಹತ್ರ ಗಾಡಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿ ಅವ್ವನ ಕೈ ಹಿಡಿಬೇಕಂತ ನಾನು ಆ ಕಡೆ ಸುತ್ತಿ ಹೋಗೋದ್ರಾಗ ಆಕಿ ಬಾಗಿಲ ತೆಗದು, ಎರಡೂ ಕಾಲು ನೆಲಕ್ಕ ಊರಿ, ಎದ್ದು ನಿಂತು, ಸೆರಗು ಸರಿ ಮಾಡ್ಕೊಂಡು ಕಾಯಿ ಚೀಲ ಹಿಡ್ಕೊಂಡು ಹೊಳಿ ಕಡೆ ಹೊಂಟೇ ಬಿಟ್ಟಿದ್ದಳು.