ಜನವರಿ 26: ಸಿಡ್ನಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಇಲ್ಲಿ ಶಾಲೆ ತೆರೆಯುವುದು ಜನವರಿ ಕೊನೆಗೆ ಅಥವಾ ಫೆಬ್ರುವರಿ ಮೊದಲಿಗೆ. ಆದ್ದರಿಂದ ಮಕ್ಕಳಿರುವ ಮನೆಯವರು ಸಾಮಾನ್ಯವಾಗಿ ಹೊಸ ವರ್ಷದ ಆಸುಪಾಸಿನಲ್ಲಿ ಬಂದಿಳಿಯುತ್ತಾರೆ. ಬಾಡಿಗೆ ಮನೆ ಹಿಡಿದು, ಪೆಟ್ಟಿಗೆಯಿಂದ ಕುಕ್ಕರ್ ತೆಗೆಯುವಷ್ಟರಲ್ಲಿ ಜನವರಿ 26 ಬಂದಿರುತ್ತದೆ. ನಮಗೆ ಅದು ಗಣರಾಜ್ಯೋತ್ಸವ, ಇವರಿಗೆ ಆಸ್ಟ್ರೇಲಿಯಾ ಡೇ. ತಾರೀಕು ಒಂದೇ ಆದ ಮೇಲೆ ಹಬ್ಬವೂ ಒಂದೇ ಬಗೆಯದಿರಬೇಕು ಎಂದುಕೊಂಡು, ಬಂದ ಮೊದಲ ವರ್ಷ ನಾನು ಸಹೋದ್ಯೋಗಿಯೊಬ್ಬರಿಗೆ ಸ್ವಾತಂತ್ರ್ಯ ದಿನದ ಶುಭಾಶಯ ಹೇಳಿಬಿಟ್ಟೆ. ಅವರು ನಗುತ್ತಲೇ, "ಯಾರಿಂದ ಸ್ವಾತಂತ್ರ್ಯ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ನಿಮಗೆ ಆ ಪೇಚು ಬೇಡ.

1788ರ ಜನವರಿ 26ರಂದು ಆರ್ಥರ್ ಫಿಲಿಪ್ ಎಂಬ ನೌಕಾಧಿಕಾರಿ ಸಿಡ್ನಿ ಕೋವ್‌ನಲ್ಲಿ ಬ್ರಿಟಿಷ್ ಬಾವುಟ ಏರಿಸಿದ. ಅವನ 11 ಹಡಗುಗಳ ತಂಡದಲ್ಲಿ ಬಂದವರಲ್ಲಿ ಹೆಚ್ಚಿನವರು ಗಡೀಪಾರು ಶಿಕ್ಷೆಯ ಕೈದಿಗಳು. ಇಂದಿನ ಸರ್ಕ್ಯುಲರ್ ಕೀ ಇರುವುದು ಅಲ್ಲಿಯೇ. ಅಂದರೆ ಇದು ವಸಾಹತು ಶುರುವಾದ ದಿನ, ಮುಗಿದ ದಿನವಲ್ಲ. ಆರು ವಸಾಹತುಗಳು ಕೂಡಿ ಒಂದು ದೇಶವಾದದ್ದು 1901ರ ಜನವರಿ 1ರಂದು. ರಾಷ್ಟ್ರದ ಮುಖ್ಯಸ್ಥರು ಇಂದಿಗೂ ರಾಜ ಚಾರ್ಲ್ಸ್.

ಈ ದಿನಕ್ಕೆ ಮೊದಲ ಸರ್ಕಾರಿ ರಜೆ ಕೊಟ್ಟವನು ಗವರ್ನರ್ ಲಾಕ್ಲನ್ ಮ್ಯಾಕ್ವಾರಿ. 1818ರಲ್ಲಿ, ವಸಾಹತಿಗೆ 30 ವರ್ಷ ತುಂಬಿದಾಗ, 30 ಸುತ್ತು ತೋಪು ಹಾರಿಸಿ, ಸರ್ಕಾರಿ ಕೆಲಸಗಾರರಿಗೆ ರಜೆಯ ಜೊತೆ ತಲೆಗೊಂದು ಪೌಂಡ್ ಹೆಚ್ಚುವರಿ ಮಾಂಸ ಕೊಡಿಸಿದ. ಸಿಡ್ನಿಯಲ್ಲಿ ಮ್ಯಾಕ್ವಾರಿ ಎಂಬ ಹೆಸರಿನ ಬೀದಿ ಇದೆ, ವಿಶ್ವವಿದ್ಯಾಲಯ ಇದೆ, ನಿಮ್ಮ ಮಗ ಅಲ್ಲಿಯೇ ಓದುತ್ತಿರಲೂಬಹುದು. ಈ ಮ್ಯಾಕ್ವಾರಿ 1799ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿದ್ದವನು. ಮಂಡ್ಯದ ಕಡೆಯವರಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕು.

ದೊಡ್ಡ ವಾರ್ಷಿಕೋತ್ಸವಗಳ ಕಥೆ ಗೊತ್ತಿದ್ದರೆ, ಈ ದಿನವನ್ನು ಸಂಭ್ರಮಿಸಬೇಕೇ ಬೇಡವೇ ಎಂದು ಈಗ ಪ್ರತಿ ಜನವರಿಯಲ್ಲೂ ಪತ್ರಿಕೆಗಳಲ್ಲಿ ನಡೆಯುವ ಜಗಳದ ಬೇರು ತಿಳಿಯುತ್ತದೆ. 1938ರಲ್ಲಿ 150 ವರ್ಷದ ಸಂಭ್ರಮ. ಫಿಲಿಪ್ ಬಂದಿಳಿದ ದೃಶ್ಯವನ್ನು ಮತ್ತೆ ಆಡಿ ತೋರಿಸುವ ಏರ್ಪಾಡಾಗಿತ್ತು. ಅದರಲ್ಲಿ ಮೂಲನಿವಾಸಿಗಳ ಪಾತ್ರವೂ ಇತ್ತು: ಹಡಗು ಕಂಡು ಓಡಿಹೋಗುವುದು. ಸಿಡ್ನಿಯ ಮೂಲನಿವಾಸಿಗಳು ಒಪ್ಪಲಿಲ್ಲ. ಆಗ ರಾಜ್ಯದ ಪಶ್ಚಿಮ ಮೂಲೆಯ ಮೆನಿಂಡಿಯಿಂದ ಕೆಲವರನ್ನು ಕರೆತಂದು, ರೆಡ್‌ಫರ್ನ್‌ನಲ್ಲಿ ಪೊಲೀಸರ ಕುದುರೆ ಲಾಯದಲ್ಲಿ ಇರಿಸಿದರು. ಮೆರವಣಿಗೆಯಲ್ಲಿ ಕೈದಿಗಳ ಸುಳಿವೇ ಇರಲಿಲ್ಲ; ದೇಶ ಕಟ್ಟಿದವರಲ್ಲಿ ಅವರೂ ಇದ್ದರು ಎನ್ನುವುದು ಆಗ ಮುಜುಗರದ ಸಂಗತಿ.

ಅದೇ ದಿನ ಎಲಿಜಬೆತ್ ಸ್ಟ್ರೀಟ್‌ನ ಆಸ್ಟ್ರೇಲಿಯನ್ ಹಾಲ್‌ನಲ್ಲಿ ಸುಮಾರು ನೂರು ಮೂಲನಿವಾಸಿಗಳು ಶೋಕ ದಿನ ಆಚರಿಸಿ, ಸಮಾನ ಪೌರತ್ವ ಕೇಳಿದರು. ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗುಸನ್, ವಿಲಿಯಂ ಕೂಪರ್ ಅದರ ಮುಂದಾಳುಗಳು. ಅವರನ್ನು ಒಳಗೆ ಬಿಟ್ಟದ್ದು ಹಿಂಬಾಗಿಲಿನಿಂದ. ಮ್ಯೂಸಿಯಂ ಸ್ಟೇಷನ್‌ನಲ್ಲಿ ಇಳಿದರೆ ಆ ಕಟ್ಟಡಕ್ಕೆ ಕೆಲವೇ ನಿಮಿಷದ ನಡಿಗೆ. ಊರು ನೋಡಲು ಬಂದ ಅತಿಥಿಗಳನ್ನು ಆಪೆರಾ ಹೌಸ್‌ಗೆ ಕರೆದೊಯ್ಯುವ ದಿನವೇ ಇಲ್ಲಿಗೂ ಕರೆದೊಯ್ಯಿರಿ.

1988ರಲ್ಲಿ 200 ವರ್ಷ. ಬಂದರಿನ ತುಂಬ ಎತ್ತರದ ಹಾಯಿಹಡಗುಗಳು, ದಡದ ತುಂಬ ಜನ. ರೆಡ್‌ಫರ್ನ್ ಕಡೆಯಿಂದ 40,000ಕ್ಕೂ ಹೆಚ್ಚು ಜನರ ಪ್ರತಿಭಟನಾ ಮೆರವಣಿಗೆ. ಅದರಲ್ಲಿ ಬಿಳಿಯರೂ ದೊಡ್ಡ ಸಂಖ್ಯೆಯಲ್ಲಿ ನಡೆದರು. ನಾವು ವಾರಾಂತ್ಯಕ್ಕೆ ಸುತ್ತುವ ಡಾರ್ಲಿಂಗ್ ಹಾರ್ಬರ್, ಕ್ಯಾನ್‌ಬೆರಾದ ಹೊಸ ಸಂಸತ್ ಭವನ, ಜಗತ್ತಿನ ಮೊದಲ ಪ್ಲಾಸ್ಟಿಕ್ ನೋಟು, ಎಲ್ಲವೂ ಆ ವರ್ಷದವು. ಆ ಹತ್ತು ಡಾಲರ್ ನೋಟಿನ ಒಂದು ಬದಿಯಲ್ಲಿ ವಲಸಿಗರ ಹಡಗು, ಇನ್ನೊಂದು ಬದಿಯಲ್ಲಿ ಮೈಗೆ ಬಣ್ಣ ಬಳಿದುಕೊಂಡ ಮೂಲನಿವಾಸಿ ಯುವಕ. ಎರಡನ್ನೂ ಒಟ್ಟಿಗೆ ನೋಡಲು ಮಾತ್ರ ಆಗುವುದಿಲ್ಲ, ನೋಟು ತಿರುಗಿಸಬೇಕು.

ಅದೇ ವರ್ಷ ಉತ್ತರದ ರಾಮಿಂಗಿನಿಂಗ್‌ನ ಕಲಾವಿದರು 200 ಟೊಳ್ಳು ಮರದ ಕಾಂಡಗಳಿಗೆ ಚಿತ್ರ ಬರೆದು ನಿಲ್ಲಿಸಿದರು. ಅವರಲ್ಲಿ ಅಂಥ ಕಾಂಡದೊಳಗೆ ಸತ್ತವರ ಮೂಳೆ ಇಡುವುದು ಪದ್ಧತಿ. ವರ್ಷಕ್ಕೊಂದು ಕಾಂಡ. ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿಯಲ್ಲಿ ಅವುಗಳ ನಡುವಿನ ಕಾಲುದಾರಿಯಲ್ಲಿ ನಡೆಯಬಹುದು. ಹೂವಿನ ಉತ್ಸವಕ್ಕೆಂದು ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಹೋದಾಗ ಅರ್ಧ ಗಂಟೆ ಇದಕ್ಕೂ ಇಡಿ. ನನ್ನ ಮಗಳು ಎಣಿಸಲು ಹೊರಟು ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರು ಮಾಡಿದ್ದಳು.

ಇನ್ನು ಆ ದಿನದ ವ್ಯವಹಾರ. ನಮ್ಮ ಧ್ವಜಾರೋಹಣ ಬೆಳಿಗ್ಗೆಯೇ ಮುಗಿಯುತ್ತದೆ. ಉಪ್ಪಿಟ್ಟು, ಕೇಸರಿಬಾತ್ ತಿಂದು ಹೊರಟರೆ ದಿನ ಪೂರ್ತಿ ಕೈಯಲ್ಲಿರುತ್ತದೆ. ಬಂದರಿಗೆ ಹೋಗುವವರು ಕಾರು ಬಿಟ್ಟು ರೈಲು ಹಿಡಿಯಿರಿ, ರಸ್ತೆಗಳನ್ನು ಮುಚ್ಚಿರುತ್ತಾರೆ. ಬಿಸಿಲನ್ನು ನಮ್ಮ ಬಳ್ಳಾರಿ, ರಾಯಚೂರು ಕಂಡವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಇಲ್ಲಿ ಸೆಕೆಗಿಂತ ಅತಿನೇರಳೆ ಕಿರಣಗಳದ್ದೇ ಕಾಟ. ಮಕ್ಕಳಿಗೆ ಟೋಪಿ, ಸನ್‌ಸ್ಕ್ರೀನ್ ಬಿಡಬೇಡಿ. ಕ್ಯಾಂಪರ್‌ಡೌನ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಮೂಲನಿವಾಸಿಗಳ ಯಾಬುನ್ ಉತ್ಸವ ನಡೆಯುತ್ತದೆ: ಹಾಡು, ಕುಣಿತ, ಮಾತು. ಪ್ರವೇಶ ಉಚಿತ, ಮದ್ಯವಿಲ್ಲ, ಎಲ್ಲರಿಗೂ ಸ್ವಾಗತ. "ನಾವು ಹೋಗಬಹುದೇ?" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಧಾರಾಳವಾಗಿ ಹೋಗಬಹುದು. 26 ಶನಿವಾರ ಅಥವಾ ಭಾನುವಾರ ಬಿದ್ದರೆ ರಜೆ ಸೋಮವಾರಕ್ಕೆ ಸಿಗುತ್ತದೆ.

ಶುಭಾಶಯದ ವಿಷಯ: ಎದುರಿನವರು ಮೊದಲು ಹೇಳಿದರೆ ನಗುತ್ತ ಹೇಳಿ, ಇಲ್ಲದಿದ್ದರೆ "ರಜೆ ಹೇಗಿತ್ತು?" ಎಂದರೆ ಸಾಕು. ಇದನ್ನು ಕೆಲವರು ಆಕ್ರಮಣದ ದಿನವೆನ್ನುತ್ತಾರೆ, ಕೆಲವರಿಗೆ ಬಾರ್ಬೆಕ್ಯೂ ದಿನ, ನಮ್ಮಲ್ಲೇ ಹಲವರಿಗೆ ಪೌರತ್ವದ ಪ್ರಮಾಣವಚನ ಸ್ವೀಕರಿಸಿದ ದಿನ. ಆ ಸಮಾರಂಭವನ್ನು ಈಗ ಸ್ಥಳೀಯ ಕೌನ್ಸಿಲ್‌ಗಳು 26ರ ಹಿಂದಿನ ಅಥವಾ ಮುಂದಿನ ಮೂರು ದಿನಗಳಲ್ಲೂ ನಡೆಸಬಹುದು. ಪತ್ರ ಬಂದಾಗ ತಾರೀಕನ್ನು ಎರಡು ಸಲ ಓದಿ. 26 ಎಂದೇ ಭಾವಿಸಿ ಒಂದು ಕುಟುಂಬ ರೇಷ್ಮೆ ಸೀರೆ, ಪಂಚೆಯಲ್ಲಿ ಬೀಗ ಹಾಕಿದ ಸಭಾಭವನದ ಮುಂದೆ ನಿಂತಿತ್ತು.